ನೀರು ಕಾಣದ ಬಟ್ಟೆ

ಹೊಸ ಹತ್ತಿ ಬಟ್ಟೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಗಂಜಿಯದು, ಅರ್ಧ ಅಂಗಡಿಯ ಕಪಾಟಿನದು. ಯಾರಿಗೂ ಅದು ಕೆಟ್ಟ ವಾಸನೆ ಅನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ತಲೆ ತಾನಾಗಿ ತಗ್ಗುತ್ತದೆ.

ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಮಾಡುವವಳು. ಆದರೆ ವಾರ್ಷಿಕೋತ್ಸವ ಬಂತೆಂದರೆ ಹಾಡು ಕುಣಿತದ ಮಕ್ಕಳ ಬಟ್ಟೆಬರೆಯ ಜವಾಬ್ದಾರಿ ಪ್ರತಿವರ್ಷ ನನ್ನ ತಲೆಗೇ ಬೀಳುತ್ತದೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯರ ಕೈಲಿ ಥಾನುಗಟ್ಟಲೆ ಬಟ್ಟೆಯನ್ನು ಬಕೆಟ್ಟುಗಳಲ್ಲಿ ನೆನೆಹಾಕಿಸುತ್ತಿದ್ದೆ. ಅವರಲ್ಲೊಬ್ಬಳು ಮೂಗು ಮುಚ್ಚಿಕೊಂಡು ಕೇಳಿದಳು, “ಮಿಸ್, ಕೊಳೆನೇ ಆಗಿಲ್ವಲ್ಲ, ಯಾಕೆ ಮಿಸ್ ನೀರಿಗಾಕೋದು?”

“ಹತ್ತಿ ಬಟ್ಟೆ ಮೊದಲ ನೀರಿಗೆ ಎಳ್ಕೊಂಡು ಗಿಡ್ಡ ಆಗುತ್ತೆ ಕಣಮ್ಮ. ಹೊಲಿಯೋಕೆ ಮುಂಚೆ ಎಳ್ಕೊಂಡ್ರೆ ಬಟ್ಟೆ ಹೋಗುತ್ತೆ, ಹೊಲಿದ ಮೇಲೆ ಎಳ್ಕೊಂಡ್ರೆ ಮಾನ ಹೋಗುತ್ತೆ” ಅಂದೆ.

ಹುಡುಗಿಯರೆಲ್ಲ ನಕ್ಕರು. ಕೇಳಿದವಳು ಸುಮ್ಮನಾಗಲಿಲ್ಲ. “ಇದ್ನೆಲ್ಲ ನಿಮಗೆ ಯಾರು ಮಿಸ್ ಹೇಳ್ಕೊಟ್ಟೋರು?”

“ಯಾರೂ ಇಲ್ಲ. ಹಂಗೇ ಕಲ್ತ್ಕೊಂಡೆ.”

ಎಷ್ಟು ಸಲೀಸಾಗಿ ಬಂತು ಮಾತು! ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ. ಮಾನದ ಮಾತೂ ನನ್ನದಲ್ಲ, ಅವರದು. ಕಲಿಸಿದವರ ಮಾತನ್ನು ಆಡಿ, ಕಲಿಸಿದವರೇ ಇಲ್ಲ ಅಂದುಬಿಟ್ಟೆ.

ನಾನಾಗ ಶ್ರೀರಂಗಪಟ್ಟಣದಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದೆ. ಬೆಳಗೊಳದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆ ವರ್ಷ ನಮ್ಮ ಕನ್ನಡ ಮೇಷ್ಟ್ರು ಒಂದು ಹಾಡುನಾಟಕ ಬರೆದಿದ್ದರು. ಲೋಕಪಾವನಿ ಹೊಳೆ ಎಲ್ಲೆಲ್ಲೋ ಸುತ್ತಿ, ಕರಿಘಟ್ಟದ ಬುಡಕ್ಕೆ ಬಂದು ಕಾವೇರಿಯನ್ನು ಸೇರುವ ಕಥೆ. ಮಾತು ಕಡಿಮೆ, ಮೊದಲಿನಿಂದ ಕೊನೆಯವರೆಗೆ ಹಾಡೇ. ಆರು ಹುಡುಗಿಯರು ಕಾವೇರಿ, ಆರು ಹುಡುಗಿಯರು ಲೋಕಪಾವನಿ. ಕೈ ಎತ್ತಿ ಇಳಿಸಿ ಅಲೆಗಳಾಗಿ ಕುಣಿಯುತ್ತಾ ಹಾಡಬೇಕು.

ನನಗೆ ಹಾಡುವ ಆಸೆ ವಿಪರೀತ ಇತ್ತು. ಕಂಠ ಅಷ್ಟಿರಲಿಲ್ಲ. ಮೇಷ್ಟ್ರು ನನ್ನಿಂದ ಎರಡು ಸಾಲು ಹಾಡಿಸಿ ನೋಡಿ, “ನಿನಗೆ ಇನ್ನೂ ಮುಖ್ಯವಾದ ಕೆಲಸ ಇದೆಯಮ್ಮ” ಅಂದರು. ಹಾಡಲು ಬಾರದವರಿಗೆ ಕೊಡುವ ಮುಖ್ಯವಾದ ಕೆಲಸ ಎಂಥದ್ದು ಅಂತ ನನಗೂ ಗೊತ್ತಿತ್ತು. ಬಟ್ಟೆ ನೋಡಿಕೊಳ್ಳುವುದು. ಅವತ್ತು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತುಕೊಂಡೇ ಊರು ಸೇರಿದೆ.

ಬಟ್ಟೆ ಹೊಲಿಯಲು ಒಪ್ಪಿಕೊಂಡವರು ಗಂಜಾಮಿನಲ್ಲಿದ್ದ ಒಬ್ಬ ಹೆಂಗಸು. ಅಲ್ಲಿಯವರೆಲ್ಲ ಅವರನ್ನು ಟೈಲರಮ್ಮ ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಲವತ್ತು ದಾಟಿದ ಸಣ್ಣ ಆಳು. ತಲೆಯ ಮೇಲೆ ಸೆರಗು, ಕುತ್ತಿಗೆಯಲ್ಲಿ ಟೇಪು, ತುಟಿಯ ನಡುವೆ ಯಾವಾಗಲೂ ಎರಡು ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು, ನಗುತ್ತಿದ್ದರು, ಬೀದಿಯಲ್ಲಿ ಹೋಗುವವರನ್ನು ಕೂಗುತ್ತಿದ್ದರು. ನುಂಗಿಬಿಟ್ಟರೆ ಗತಿಯೇನು ಅಂತ ನನಗೆ ಜೀವ ಹೋಗುತ್ತಿತ್ತು. ಗಂಡ ಲಾರಿ ಓಡಿಸುತ್ತಿದ್ದರು. ಬಾಗಿಲ ಪಕ್ಕದಲ್ಲೇ ಮೆಷಿನ್ನು, ಅದರ ಬದಿಯಲ್ಲಿ ಚಿಂದಿಗಳ ನಡುವೆ ಆಡುತ್ತಿದ್ದ ಒಬ್ಬಳೇ ಮಗಳು.

ಟೈಲರಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಈ ನಾಟಕದ ಕೆಲಸ ಚೆನ್ನಾಗಿ ಆದರೆ ಜೂನ್ ತಿಂಗಳಿಂದ ಕಾಲೇಜಿನ ಹುಡುಗಿಯರಿಗೆ ಮಧ್ಯಾಹ್ನದ ಹೊತ್ತು ಹೊಲಿಗೆ ಕ್ಲಾಸು ಶುರು ಮಾಡುವುದಾಗಿಯೂ, ಅದಕ್ಕೆ ಅವರನ್ನೇ ಕರೆಸಿಕೊಳ್ಳುವುದಾಗಿಯೂ ನಮ್ಮ ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಅದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ದಿನ ಕಾಜ ಹೊಲಿಯುತ್ತಾ ಯಾವುದೋ ಮಾತಿನ ಮಧ್ಯೆ ಕೇಳಿದರು, “ಅಲ್ಲಿ ನನ್ನ ಏನಂತ ಕರೀತಾರೆ ಬೇಟಿ?”

“ಇನ್ನೇನಂತಾರೆ? ಟೀಚರ್ ಅಂತಾರೆ.”

ಅವತ್ತು ಅವರು ಬಾಯಿಂದ ಸೂಜಿ ತೆಗೆದು ಪಕ್ಕಕ್ಕಿಟ್ಟು ನಕ್ಕರು. ಅದೊಂದು ಸಲ ಮಾತ್ರ… ಆಮೇಲೆ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಅರ್ಥವಾಗಲಿಲ್ಲ, ಟೀಚರ್ ಅನ್ನುವ ಮಾತು ಮಾತ್ರ ಎರಡು ಸಲ ಕೇಳಿಸಿತು.

ನನಗೆ ಪಾಠ ಶುರುವಾದದ್ದು ಸೂಜಿ ದಾರದಿಂದಲ್ಲ. “ಬಟ್ಟೆ ಮಾತು ಆಮೇಲೆ. ಮೊದ್ಲು ನಾಟ್ಕ ಹೇಳು” ಅಂದರು. ನಾನು ನನಗೆ ಬಂದ ಹಾಗೆ ಹಾಡಿಕೊಂಡು ಕಥೆ ಹೇಳಿದೆ. ಪ್ರತಿ ಹುಡುಗಿ ಬಂದಾಗಲೂ ನಿಲ್ಲಿಸಿ, ಇವಳು ಕೂರುತ್ತಾಳಾ, ನೆಗೆಯುತ್ತಾಳಾ, ನೆಲದ ಮೇಲೆ ಹೊರಳುತ್ತಾಳಾ ಅಂತ ವಿಚಾರಿಸುತ್ತಿದ್ದರು. ಅಳತೆ ತೆಗೆಯುವ ದಿನ ಹುಡುಗಿಯರೆಲ್ಲ ಫೋಟೋಗೆ ನಿಂತ ಹಾಗೆ ಕೈ ಕೆಳಗೆ ಬಿಟ್ಟು ನಿಂತಿದ್ದರು. ಟೈಲರಮ್ಮ ಟೇಪನ್ನು ನನ್ನ ಕೈಗೆ ಕೊಟ್ಟು, “ಕೈ ಎತ್ಸು ಅವ್ಳದು. ಸ್ಟೇಜ್ ಮೇಲೆ ಇಂಗೆ ನಿಂತ್ಕೊತಾಳಾ? ಕುಣಿಯೋ ಮೈಗೆ ಕುಣಿಯೋ ಅಳತೇನೇ ತಗೋಬೇಕು” ಅಂದರು.

ಪತ್ರಿಕೆಯ ಹಾಳೆ ಕತ್ತರಿಸಿ ಮೈಮೇಲಿಟ್ಟು ನೋಡುವುದನ್ನು ಕಲಿಸಿದರು. ಬಣ್ಣ ಆರಿಸುವಾಗ ನಾನು ಆಸೆಪಟ್ಟ ಕಡುನೀಲಿಯನ್ನು ಬಾಗಿಲು ಮುಚ್ಚಿ, ಒಳಗಿನ ಮಬ್ಬಿನಲ್ಲಿ ಹಳದಿ ಬಲ್ಬಿನ ಕೆಳಗೆ ಹಿಡಿದು ತೋರಿಸಿದರು. ಕಪ್ಪಗೆ ಕಂಡಿತು. ಕಾವೇರಿಗೆ ತಿಳಿನೀಲಿ, ಲೋಕಪಾವನಿಗೆ ಎಳೆಹಸಿರು ಅಂತ ತೀರ್ಮಾನವಾಯಿತು. ಒಂದು ದಿನ ರಿಹರ್ಸಲ್ಲಿಗೆ ಬಂದು ಹಾಲಿನ ಕೊನೆಯ ಗೋಡೆಗೆ ಒರಗಿ ನಿಂತರು. ಮುಂದೆ ಬಂದು ಕೂರಿ ಅಂದರೆ ಕೇಳಲಿಲ್ಲ. ನಾನು ಜರಿ ಅಂಚಿನ ಆಸೆ ಹೇಳಿಕೊಂಡಾಗ, “ಇಲ್ಲಿ ಕೂತೋನ್ಗೆ ಕಾಣ್ದೇ ಇರೋ ಜರಿ ನಿಂಗ್ಯಾತಕ್ಕೆ? ಅಗಲವಾಗಿ ಒಂದು ಬಿಳೀ ಪಟ್ಟಿ ಹಾಕ್ತೀನಿ, ನೊರೆ ಕಂಡಂಗೆ ಕಾಣ್ಲಿ” ಅಂದರು. ಅವರು ಹೇಳುತ್ತಾ ಹೋದಂತೆ ನಾಟಕ ನನಗೆ ಬೇರೆಯೇ ಆಗಿ ಕಾಣತೊಡಗಿತು. ಹಾಡಲಾಗದ ದುಃಖ ಸ್ವಲ್ಪ ಕಡಿಮೆಯಾಯಿತು ಅಂತ ಹೇಳಬಹುದಿತ್ತು. ಆಗಿರಲಿಲ್ಲ ಅನ್ನುವುದೇ ಮುಂದಿನ ಕಥೆ.

ಒಂದು ಗುರುವಾರ ಮೈಸೂರಿನಿಂದ ಬಟ್ಟೆ ಬಂತು. ಗಂಜಾಮಿನ ಆ ಮನೆಯಲ್ಲಿ ಕೊಳಾಯಿ ನೀರು ದಿನ ಬಿಟ್ಟು ದಿನ. ಅಷ್ಟೊಂದು ಬಟ್ಟೆ ನೆನೆಸಲು ಅಲ್ಲಿ ಆಗುತ್ತಿರಲಿಲ್ಲ. ಕಾಲೇಜಿನ ಹಿಂದೆ ದೊಡ್ಡ ತೊಟ್ಟಿಯಿತ್ತು. “ಇದು ನಿನ್ನ ಕೆಲ್ಸ. ನಾಳೆ ಬೆಳಿಗ್ಗೆ ಮುಳುಗ್ಸು, ನಾಡಿದ್ದು ನೆರಳಲ್ಲಿ ಒಣಗ್ಸು, ಸೋಮವಾರ ತಂದ್ಕೊಡು. ನೀರು ಕಾಣ್ದೇ ಇರೋ ಬಟ್ಟೆಗೆ ನಾನು ಕತ್ರಿ ಇಕ್ಕಲ್ಲ” ಅಂದರು ಟೈಲರಮ್ಮ.

ಶುಕ್ರವಾರ ಬೆಳಿಗ್ಗೆ ಬಟ್ಟೆಯ ಕಟ್ಟು ಹೊತ್ತು ತೊಟ್ಟಿಯ ಹತ್ತಿರ ಹೋಗುತ್ತಿದ್ದೆ. ಕಾವೇರಿಯ ಗುಂಪಿನ ಹುಡುಗಿಯೊಬ್ಬಳು ಜ್ವರ ಬಂದು ಮಲಗಿದ್ದಾಳೆ, ಸೋಮವಾರದ ತನಕ ಅವಳ ಜಾಗದಲ್ಲಿ ಯಾರಾದರೂ ನಿಲ್ಲಬೇಕು ಅಂತ ಮೇಷ್ಟ್ರು ಮೆಟ್ಟಿಲ ಮೇಲಿಂದ ಕೂಗಿದರು. ಕಟ್ಟನ್ನು ಜಗಲಿಯ ಮೇಲೆ ಎಸೆದು ಓಡಿದೆ. ಆ ದಿನ ಹಾಡಿದೆ, ಮರುದಿನ ಹಾಡಿದೆ, ಭಾನುವಾರವೂ ಮೇಷ್ಟ್ರು ಕರೆಸಿದ್ದರು, ಹಾಡಿದೆ. ನಾನು ಇಷ್ಟು ಚೆನ್ನಾಗಿ ಹಾಡಿದರೆ ಜ್ವರದವಳ ಜಾಗ ನನಗೇ ಉಳಿಯಬಹುದು ಅನ್ನುವ ಒಂದು ಕನಸು ಒಳಗೊಳಗೇ ಚಿಗುರಿತ್ತು. ಸೋಮವಾರ ಬೆಳಿಗ್ಗೆ ಜ್ವರದವಳು ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದಳು, ತನ್ನ ಜಾಗದಲ್ಲಿ ನಿಂತಳು. ನಾನು ಜಗಲಿಗೆ ಬಂದೆ. ಕಟ್ಟು ಎಸೆದಲ್ಲೇ ಇತ್ತು, ಒಂದು ಹನಿ ನೀರೂ ಕಾಣದೆ.

ಹೋಗಿ ನಿಜ ಹೇಳಿದ್ದರೆ ಎರಡು ಬೈಗುಳ ತಿನ್ನುತ್ತಿದ್ದೆ, ಎರಡು ದಿನ ತಡವಾಗುತ್ತಿತ್ತು, ಅಷ್ಟೇ. ನಾನು ಹಾಗೆ ಮಾಡಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಇಸ್ತ್ರಿ ಗಾಡಿಯವನ ಹತ್ತಿರ ಹೋಗಿ, ಚೆನ್ನಾಗಿ ನೀರು ಚಿಮುಕಿಸಿ ಇಸ್ತ್ರಿ ಹಾಕಿಕೊಡು ಅಂದೆ. ನೆನೆಸಿ ಒಣಗಿಸಿದ ಬಟ್ಟೆಯ ಹಾಗೇ ಮಡಿಕೆ ಬಂತು. ಮಧ್ಯಾಹ್ನ ಗಂಜಾಮಿಗೆ ಹೊತ್ತುಕೊಂಡು ಹೋದೆ.

ಟೈಲರಮ್ಮ ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. “ಗಂಜಿ ಪೂರ್ತಿ ಬುಟ್ಟಂಗಿಲ್ವಲ್ಲ ಬೇಟಿ?”

“ರಾತ್ರಿಯೆಲ್ಲ ನೀರಲ್ಲೇ ಇತ್ತು ಟೈಲರಮ್ಮ. ನಾನೇ ಮುಳುಗಿಸಿದ್ದು.”

ಇನ್ನೊಂದು ಸಲ ಉಜ್ಜಿದರು. ನನ್ನ ಮುಖ ನೋಡಿದರು. “ಸರಿ ಬುಡು, ನೀನೇ ನೆನ್ಸಿದ್ದೀಯಲ್ಲ, ಒಂದು ನೀರು ಸಾಕು” ಅಂದು ಕತ್ತರಿ ಎತ್ತಿಕೊಂಡರು. ಕತ್ತರಿ ಹೋಗುವ ಸದ್ದು ಕೇಳುತ್ತಾ ನಾನು ಎದುರಿಗೇ ಕೂತಿದ್ದೆ.

ಉಡುಪುಗಳು ಚೆಂದವಾಗಿ ಬಂದವು. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಮೈದಾನದಲ್ಲಿ ಬಟ್ಟೆ ಹಾಕಿಕೊಂಡು ರಿಹರ್ಸಲ್ ನಡೆಯಿತು. ತಿಳಿನೀಲಿಯೂ ಎಳೆಹಸಿರೂ ಸೇರಿ ಕುಣಿದಾಗ ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಟೈಲರಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು, ದೂರದಲ್ಲಿ ಬೇವಿನ ಮರದ ಕೆಳಗೆ ನಿಂತು ನೋಡಿದರು. ಮೈದಾನದ ಕೆಮ್ಮಣ್ಣು ಬಿಳಿ ಪಟ್ಟಿಗೆಲ್ಲ ಮೆತ್ತಿಕೊಂಡಿತ್ತು. ಮೇಷ್ಟ್ರು ಒಂದು ಮಾತೂ ಕೇಳದೆ ಎಲ್ಲವನ್ನೂ ಧೋಬಿಗೆ ಕಳಿಸಿಬಿಟ್ಟರು.

ಕಾರ್ಯಕ್ರಮದ ಮಧ್ಯಾಹ್ನ ಬಟ್ಟೆ ವಾಪಸು ಬಂತು. ಪಾದ ಮುಟ್ಟುತ್ತಿದ್ದ ಲಂಗಗಳು ಮೀನಖಂಡಕ್ಕೆ ಏರಿದ್ದವು. ರವಿಕೆಗಳ ಹುಕ್ಕು ಹಾಕಲು ಇಬ್ಬಿಬ್ಬರು ಎಳೆಯಬೇಕಾಯಿತು. ಟೈಲರಮ್ಮನಿಗೆ ಹೇಳಿಕಳಿಸಿದರು. ಬಂದವರು ಲಂಗವೊಂದನ್ನು ಎತ್ತಿ ಹಿಡಿದು ನೋಡಿ ನೆಲಕ್ಕೆ ಕೂತುಬಿಟ್ಟರು. ಆಮೇಲೆ ಒಂದೊಂದೇ ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದು ಕೈಯಿಂದ ಹೊಲಿಯತೊಡಗಿದರು. ನಾನು ದಾರ ಪೋಣಿಸಿ ಪೋಣಿಸಿ ಕೊಟ್ಟೆ. ಮೂರು ಗಂಟೆ ಹೊತ್ತು ಪಕ್ಕದಲ್ಲೇ ಇದ್ದೆ. ನಾನು ಹೇಳಬಹುದಾಗಿದ್ದ ಮಾತು ಬಾಯಿತನಕ ಬಂದು ಬಂದು ಹಿಂದಕ್ಕೆ ಹೋಯಿತು.

ಎರಡನೇ ಹಾಡಿಗೇ ಆಯಿತು. ಕಾವೇರಿಯಾಗಿ ಮುಂದೆ ನಿಂತಿದ್ದವಳು ಎರಡೂ ಕೈ ಎತ್ತಿದಾಗ ಕಂಕುಳಿಂದ ಸೊಂಟದ ತನಕ ರವಿಕೆ ಪರ್‍ರೆಂದು ಹರಿಯಿತು. ಅವಳು ಎರಡೂ ಕೈಯಿಂದ ಮೈ ಮುಚ್ಚಿಕೊಂಡು ಕುಕ್ಕರಿಸಿದಳು. ಹಿಂದಿನ ಸಾಲಿನ ಹುಡುಗರು ಹೋ ಅಂದರು. ಹಾರ್ಮೋನಿಯಂ ಸ್ವಲ್ಪ ಹೊತ್ತು ಅದೊಂದೇ ನುಡಿದು ನಿಂತಿತು. ಪರದೆ ಎಳೆದರು. ಆ ಹುಡುಗಿ ಮುಂದೆ ಯಾವತ್ತೂ ಸ್ಟೇಜು ಹತ್ತಲಿಲ್ಲ. ಅದೂ ನನ್ನ ಲೆಕ್ಕಕ್ಕೇ ಸೇರಬೇಕು.

ಪರದೆಯ ಹಿಂದೆ ಪ್ರಿನ್ಸಿಪಾಲರು ಮುಖ ಕೆಂಪಗೆ ಮಾಡಿಕೊಂಡು ಬಂದರು. “ಏನಮ್ಮ ಇದು? ನಂಬಿ ಕೊಟ್ಟಿದ್ದಕ್ಕೆ ಹೆಣ್ಮಕ್ಕಳ ಮರ್ಯಾದೆ ತೆಗೆದುಬಿಟ್ರಲ್ಲ. ನೆನೆಸದೇ ಹೊಲಿದಿದ್ದೀರಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟನ್ನೂ ಮಾಡಲಿಲ್ಲ. ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡುತ್ತಾ ನಿಂತೆ. ಟೈಲರಮ್ಮ ಒಂದು ಸಲ ನನ್ನ ಕಡೆ ತಿರುಗಿದರು, ಆಮೇಲೆ ಪ್ರಿನ್ಸಿಪಾಲರ ಕಡೆ.

“ನೆನ್ಸಿತ್ತು ಸಾರ್. ತಪ್ಪು ನಂದೇ. ನಾನು ನೋಡ್ಕೋಬೇಕಾಗಿತ್ತು.”

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವರು ಅವರು. ಜೂನ್ ತಿಂಗಳಲ್ಲಿ ಹೊಲಿಗೆ ಕ್ಲಾಸು ಶುರುವಾಯಿತು, ಹೇಳಿಕೊಡಲು ಮಂಡ್ಯದಿಂದ ಬೇರೊಬ್ಬರು ಬಂದರು. ನಾನೂ ಸೇರಿದೆ. ಪೇಪರಿನಲ್ಲಿ ಕತ್ತರಿಸಿ ತೋರಿಸಿದಾಗ ಆ ಟೀಚರ್ ಬೆರಗಾಗಿ, ಎಲ್ಲಿ ಕಲಿತೆ ಅಂತ ಕೇಳಿದರು. “ಹಂಗೇ ಕಲ್ತ್ಕೊಂಡೆ” ಅಂದೆ. ಈ ಮಾತು ಮೊದಲು ಹುಟ್ಟಿದ್ದು ಅವತ್ತು.

ಟೈಲರಮ್ಮ ನನ್ನ ಗುಟ್ಟು ತಿಳಿದೂ ಬಚ್ಚಿಟ್ಟರು ಅಂತಲೇ ನಾನು ಅಂದುಕೊಂಡಿದ್ದೆ. ಆ ನೋಟಕ್ಕೆ ಅದೇ ಅರ್ಥ ಅಂತ ನಂಬಿದ್ದೆ. ದೊಡ್ಡ ಮನಸ್ಸು, ಕ್ಷಮಿಸಿದ್ದಾರೆ… ಹಾಗಂದುಕೊಂಡರೆ ರಾತ್ರಿ ನಿದ್ದೆ ಬರುತ್ತಿತ್ತು. ಎದುರಿಗೆ ಬೀಳುವ ಧೈರ್ಯ ಮಾತ್ರ ಇರಲಿಲ್ಲ. ಒಮ್ಮೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ ಕಂಡು ಕೈ ಬೀಸಿದರು, “ಬೇಟಿ, ಒಲಿಗೆ ಬುಟ್ಟಿಲ್ಲ ತಾನೆ?” ಅಂತ ಕೂಗುತ್ತಾ ಬಂದರು. ನಾನು ಕೇಳಿಸದವಳ ಹಾಗೆ ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಅದು ಪಾಂಡವಪುರದ ಮೇಲೆ ಚಿನಕುರಳಿಗೆ ಹೋಗುವ ಬಸ್ಸು. ಬೆಳಗೊಳಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಪಾಂಡವಪುರದ ತನಕ ಹೋಗಿ, ಇಳಿದು, ಇನ್ನೊಂದು ಬಸ್ಸು ಹಿಡಿದು ತಿರುಗಿ ಬಂದೆ. ಅಷ್ಟು ದೂರ ಓಡಿದರೂ ಎಷ್ಟು ದೂರ ಹೋಗಲು ಸಾಧ್ಯ!

ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಆ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ಮನೆಯಲ್ಲಿ ಅನ್ನ ಸೇರಲಿಲ್ಲ. ಹೋದ ಭಾನುವಾರ ಗಟ್ಟಿ ಮನಸ್ಸು ಮಾಡಿ ಗಂಜಾಮಿಗೆ ಹೋದೆ. ಮನೆ ಅದೇ, ಮೇಲೊಂದು ಅಂತಸ್ತು ಎದ್ದಿದೆ. ಬಾಗಿಲ ಪಕ್ಕದಲ್ಲಿ ಕರೆಂಟಿನ ಮೆಷಿನ್ನು. ಅದರ ಮುಂದೆ ಕೂತಿದ್ದವಳು ಚಿಂದಿಗಳಲ್ಲಿ ಆಡುತ್ತಿದ್ದ ಆ ಮಗಳು. ಅಮ್ಮ ಇದ್ದಾರಾ ಅಂತ ಕೇಳಿದೆ.

“ಅಮ್ಮಿ ಓಗ್ಬುಟ್ಟು ಎರಡು ವರ್ಷ ಆಯ್ತು ಮೇಡಂ. ನೀವು ಯಾರು?”

“ನಾನು ಅವರ ಸ್ಟೂಡೆಂಟು” ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಮ್ಮಿಗೆಲ್ಲಿ ಸ್ಟೂಡೆಂಟು ಮೇಡಂ? ಕಾಲೇಜ್ನೋರು ಬನ್ನಿ ಅಂದಂಗೆ ಅಂದು, ಆಮೇಲೆ ಬ್ಯಾಡ ಅಂದ್ಬುಟ್ರಲ್ಲ.”

ಆಗ ಹೇಳಿದೆ. ಜಗಲಿಯ ಮೇಲೆ ಎಸೆದ ಕಟ್ಟು, ಮೂರು ದಿನದ ಹಾಡು, ಇಸ್ತ್ರಿ ಗಾಡಿ, ಹೆಬ್ಬೆರಳಿನ ಕೆಳಗೆ ನಾನಾಡಿದ ಸುಳ್ಳು, ಎಲ್ಲವನ್ನೂ. ಅವಳು ಮೆಷಿನ್ನು ನಿಲ್ಲಿಸಿ ಕೇಳಿದಳು. ನಾನು ಮುಗಿಸಿದೆ. ಕೊನೆಗೆ, “ಅವರಿಗೆ ಎಲ್ಲ ಗೊತ್ತಿತ್ತು, ಆದ್ರೂ ನನ್ನ ಬಿಟ್ಟುಕೊಡಲಿಲ್ಲ” ಅಂದೆ.

ಅವಳು ಇಲ್ಲ ಅಂತ ತಲೆಯಾಡಿಸಿದಳು. “ಅಮ್ಮಿಗೆ ಗೊತ್ತಿರ್ಲಿಲ್ಲ ಮೇಡಂ. ‘ಆ ಹುಡ್ಗಿ ಪಾಪ ನೆನ್ಸಿದ್ಳು, ಗಂಜಿ ಕೈಗೆ ಅಂಟಿದ್ರೂ ಒಂದು ನೀರು ಸಾಕು ಅಂದೋಳು ನಾನೇ’ ಅಂತ ಸಾಯೋಗಂಟ ಅಂತಿದ್ರು. ಅವತ್ತಿಂದ ಯಾರ ಬಟ್ಟೆ ಬಂದ್ರೂ ಮೂರು ನೀರು ಆಕೋರು. ಕೊಳಾಯಿ ಬರ್ದಿದ್ರೆ ಒಳೆಗೆ ಒತ್ಕೊಂಡು ಓಗೋರು. ಮಂಡಿ ನೋವಿದ್ರೂ ಬುಡ್ತಿರ್ಲಿಲ್ಲ. ನಾನು ಬೈಯೋಳು.” ಮೆಷಿನ್ನಿನ ಮೇಲಿದ್ದ ಬಟ್ಟೆ ಮಡಿಸಿಡುತ್ತಾ ಅಂದಳು, “ಇದ್ನ ಬಂದು ಅಮ್ಮಿಗೆ ಏಳ್ಬೇಕಾಗಿತ್ತು ನೀವು.”

ಬೈಯಲಿಲ್ಲ, ಹೋಗು ಅನ್ನಲಿಲ್ಲ. ಒಳಗೆ ಹೋಗಿ ಚಹಾ ತಂದುಕೊಟ್ಟಳು. ಕುಡಿದೆ.

ಅವರು ಕ್ಷಮಿಸಿದ್ದಾರೆ ಅಂದುಕೊಂಡು ಇಪ್ಪತ್ತು ವರ್ಷ ತಣ್ಣಗೆ ಬದುಕಿದ್ದೇನೆ. ಕ್ಷಮಿಸಬೇಕಾದದ್ದು ಒಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದ್ದರು, ಅಷ್ಟೇ.